ಮೇಜಿನ ಮೇಲೊಂದು ಕೆರೆ ಕಟ್ಟುವ ಮುನ್ನ

ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮನೆಗೆ ಹೋದ ಹಿರಿಯರ ಕಣ್ಣು ಮೊದಲು ಮೆಟ್ಟಿಲುಗಳತ್ತ ಹೋಗುತ್ತದೆ. ಮೂರು, ಐದು, ಏಳು, ಒಂಬತ್ತು ಎಂದು ಬೆಸ ಸಂಖ್ಯೆಯಲ್ಲಿ ಜೋಡಿಸಿದ ಮೆಟ್ಟಿಲು, ಅದರ ಮೇಲೆ ಬಿಳಿಯ ಬಟ್ಟೆ, ತುದಿಯಲ್ಲಿ ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳು, ಕೆಳಗೆ ದಿನಸಿ ರಾಶಿ ಹಾಕಿಕೊಂಡು ಕುಳಿತ ಶೆಟ್ಟರು ಮತ್ತು ಶೆಟ್ಟಮ್ಮ. ಮಕ್ಕಳು ಮಾತ್ರ ಮೆಟ್ಟಿಲನ್ನು ಬಿಟ್ಟು ನೆಲದ ಮೇಲೆ ಕೂತುಬಿಡುತ್ತಾರೆ. ಅವರ ಹಬ್ಬ ಇರುವುದು ಅಲ್ಲಿ. ಮಣ್ಣಿನ ಬೆಟ್ಟ, ಕನ್ನಡಿಯ ಕೊಳ, ರಾಗಿ ಮೊಳಕೆಯ ಹೊಲ, ಹೊಲದ ಬದಿಗೆ ಚನ್ನಪಟ್ಟಣದ ಮರದ ಗಾಡಿ. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಇದಕ್ಕೆ 'ಪಾರ್ಕು' ಎಂದೇ ಹೆಸರು.

ಗೊಂಬೆಗಳಿಗೆ ಇತಿಹಾಸವಿದೆ. ವಿಜಯನಗರದ ಮಹಾನವಮಿಯ ಪರಂಪರೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದ್ದು ಎಲ್ಲರಿಗೂ ಗೊತ್ತು. ಮೈಸೂರು ಅರಮನೆಯ ಗೊಂಬೆತೊಟ್ಟಿಯಲ್ಲಿ ಹಿಂದಿನ ಕಾಲದ ಗೊಂಬೆಗಳನ್ನು ಇಂದಿಗೂ ನೋಡಬಹುದು. ಆದರೆ ಪಾರ್ಕಿಗೆ ಅಂಥ ಭಾಗ್ಯವಿಲ್ಲ. ಹಬ್ಬ ಮುಗಿದೊಡನೆ ಬೆಟ್ಟವನ್ನು ಗುಡಿಸಿ ಮರದ ಬುಡಕ್ಕೆ ಹಾಕುತ್ತಾರೆ, ಕೊಳ ಮತ್ತೆ ಸ್ನಾನದಮನೆಯ ಕನ್ನಡಿಯಾಗುತ್ತದೆ. ಅಟ್ಟಕ್ಕೆ ಹೋಗಿ ಉಳಿಯುವುದು ಗೊಂಬೆಗಳು ಮಾತ್ರ.

ಈಚಿನ ವರ್ಷಗಳಲ್ಲಿ ಈ ಪಾರ್ಕಿಗೆ ಬೆಂಗಳೂರಿನ ಹೊರವಲಯದಲ್ಲಿ ಹೊಸ ಜೀವ ಬಂದಂತಿದೆ. ವೈಟ್‌ಫೀಲ್ಡ್, ವರ್ತೂರು, ಎಲೆಕ್ಟ್ರಾನಿಕ್ ಸಿಟಿ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡದ ಗೊಂಬೆ ಹಬ್ಬ, ತಮಿಳರ ಕೊಲು, ತೆಲುಗರ ಬೊಮ್ಮಲ ಕೊಲುವು ಒಂದೇ ಮಹಡಿಯಲ್ಲಿ ಅಕ್ಕಪಕ್ಕ ನಡೆಯುತ್ತವೆ. ಗೊಂಬೆಗಳನ್ನು ಅಂಗಡಿಯಿಂದ ತರಬಹುದು, ಮೆಟ್ಟಿಲನ್ನೂ ಬಿಡಿಭಾಗಗಳಾಗಿ ತಂದು ಜೋಡಿಸಬಹುದು. ಪಾರ್ಕನ್ನು ಮಾತ್ರ ಕೈಯಾರೆ ಮಾಡಬೇಕು. ಮೊದಲ ಸಲ ಮಾಡುವವರಿಗೆ ಅದು ಸುಲಭವೆನಿಸುತ್ತದೆ. ಒಂದಿಷ್ಟು ಹಸಿರು, ಒಂದು ಬೆಟ್ಟ, ಒಂದು ನೀರು, ಅಷ್ಟೇ ತಾನೇ? ಅಷ್ಟೇ ಅಲ್ಲ ಎಂಬುದು ಕೆಲಸಕ್ಕೆ ಕೂತ ಒಂದು ಗಂಟೆಯಲ್ಲಿ ತಿಳಿಯುತ್ತದೆ.

ಹೀಗೆ ಒಂದು ತುಂಡು ನೆಲವನ್ನು ಚಿಕ್ಕದಾಗಿ ಕಟ್ಟಿ ತೋರಿಸುವ ಕಲೆಗೆ ಹೊರಗಿನ ಲೋಕದಲ್ಲಿ 'ಡಯೊರಾಮ' ಎನ್ನುತ್ತಾರೆ. ಗ್ರೀಕ್ ಮೂಲದ ಈ ಮಾತಿಗೆ 'ಒಂದರ ಮೂಲಕ ಹಾಯ್ದು ಕಾಣುವ ನೋಟ' ಎಂದು ಅರ್ಥ ಹೇಳಬಹುದು. ಮುಂದೆ ಛಾಯಾಗ್ರಹಣದಿಂದ ಹೆಸರು ಮಾಡಿದ ಲೂಯಿ ಡಗೆರ್ ತನ್ನ ಜೊತೆಗಾರ ಬೂಟೋನ್ ಎಂಬಾತನೊಡನೆ 1822ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಪ್ರದರ್ಶನ ಮಂದಿರ ತೆರೆದು ಅದಕ್ಕೆ ಈ ಹೆಸರಿಟ್ಟ. ಸುಮಾರು 70 ಅಡಿ ಅಗಲದ ತೆಳುಬಟ್ಟೆಯ ಮೇಲೆ ಎರಡೂ ಬದಿ ಬರೆದ ಚಿತ್ರ. ಹಿಂದಿನಿಂದ, ಮುಂದಿನಿಂದ ಬೆಳಕನ್ನು ಬದಲಿಸಿದರೆ ಹಗಲಿನ ಕಣಿವೆ ನೋಡುತ್ತಿದ್ದಂತೆ ಇರುಳಾಗುತ್ತಿತ್ತು. 1839ರಲ್ಲಿ ಆ ಮಂದಿರ ಬೆಂಕಿಗೆ ಆಹುತಿಯಾಯಿತು. ಹೆಸರು ಉಳಿಯಿತು, ಅರ್ಥ ಬದಲಾಯಿತು. 1890ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ವಸ್ತುಸಂಗ್ರಹಾಲಯಕ್ಕೆ ಕಾರ್ಲ್ ಏಕ್ಲಿ ಎಂಬಾತ ಜೌಗುನೆಲದ ಮಸ್ಕ್‌ರ‍್ಯಾಟ್ ಎಂಬ ಇಲಿಯಂಥ ಪ್ರಾಣಿಗಳನ್ನು ಅವುಗಳ ಹುಲ್ಲು, ನೀರು, ಬಿಲಗಳ ಸಮೇತ ಒಂದು ಗಾಜಿನ ಕಿಟಕಿಯ ಹಿಂದೆ ಕಟ್ಟಿಕೊಟ್ಟ. ಪ್ರಾಣಿಯನ್ನು ಮಾತ್ರ ತೋರಿಸಿದರೆ ಸಾಲದು, ಅದು ಬದುಕುವ ನೆಲವನ್ನೂ ತೋರಿಸಬೇಕು ಎಂಬುದು ಅವನ ವಾದ. ಆ ಪ್ರದರ್ಶನ ಈಗಲೂ ಅಲ್ಲಿದೆ.

ನಮ್ಮಲ್ಲಿ ಇದನ್ನು ನೋಡಬೇಕೆಂದರೆ ಮೈಸೂರಿನ ಕಾರಂಜಿ ಕೆರೆಯ ದಡದಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ನಿಸರ್ಗ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಆಳೆತ್ತರದ್ದು ಬೇಕೆಂದರೆ ಹಾವೇರಿ ಜಿಲ್ಲೆಯ ಗೋಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿ ಹಳ್ಳಿಯ ಮನೆ, ಕೊಟ್ಟಿಗೆ, ಜನ, ದನ ಎಲ್ಲವೂ ಇದ್ದಷ್ಟೇ ಗಾತ್ರ. ಅಲ್ಲಿ ಅಳತೆಯ ತಂಟೆಯೇ ಇಲ್ಲ. ಮನೆಯ ಪಾರ್ಕಿನಲ್ಲಿ ಮೊದಲು ಎದುರಾಗುವ ತಂಟೆಯೇ ಅಳತೆಯದು.

ಒಂದು ಲೆಕ್ಕ ನೋಡಿ. ನಮ್ಮ ಶೆಟ್ಟರ ಗೊಂಬೆ, ಎದ್ದು ನಿಂತರೆ, ಆರು ಅಂಗುಲವಾದೀತು ಎಂದಿಟ್ಟುಕೊಳ್ಳೋಣ. ಐದೂವರೆ ಅಡಿಯ ಮನುಷ್ಯ ಆರು ಅಂಗುಲವಾದರೆ ಅರವತ್ತು ಅಡಿಯ ತೆಂಗಿನಮರ ಐದೂವರೆ ಅಡಿಯಾಗಬೇಕು! ಮನೆಯ ಯಜಮಾನಿಗಿಂತ ಎತ್ತರದ ತೆಂಗಿನಮರವನ್ನು ಯಾರೂ ಮಾಡುವುದಿಲ್ಲ. ಒಂದಡಿಯ ಮರ ನೆಟ್ಟು ಸುಮ್ಮನಾಗುತ್ತಾರೆ, ಶೆಟ್ಟರು ಮರದ ಕೆಳಗೆ ರಾಕ್ಷಸರಂತೆ ಕಾಣುತ್ತಾರೆ. ಹಾಗಾಗಿ ಮೊದಲ ಸೂತ್ರವೆಂದರೆ ಮನುಷ್ಯನ ಗಾತ್ರವನ್ನು ಮೊದಲು ಗೊತ್ತುಮಾಡಿಕೊಂಡು ಮಿಕ್ಕಿದ್ದನ್ನು ಅದಕ್ಕೆ ಹೊಂದಿಸುವುದು. ಮನುಷ್ಯ ಒಂದು ಅಂಗುಲವಾದರೆ ಎಲ್ಲವೂ ಕೈಗೆ ಸಿಗುತ್ತದೆ. ತೆಂಗು ಹನ್ನೊಂದು ಅಂಗುಲ, ಹದಿನೈದು ಅಡಿಯ ಕೆರೆ ಏರಿ ಮೂರು ಅಂಗುಲಕ್ಕೆ ಸ್ವಲ್ಪ ಕಡಿಮೆ. ನಾಲ್ಕು ಅಡಿ ಉದ್ದದ ಮೇಜಿನ ಮೇಲೆ ಸುಮಾರು 260 ಅಡಿ ನೆಲ ಹಿಡಿಯುತ್ತದೆ. ಅಂದಹಾಗೆ ನಮ್ಮ ಮೆಚ್ಚಿನ ರಾಗಿ ಮೊಳಕೆ ಈ ಅಳತೆಯಲ್ಲಿ ತರಲೆ ಮಾಡುತ್ತದೆ. ಎರಡೂವರೆ ಅಂಗುಲ ಬೆಳೆದ ಪೈರು ಒಂದಂಗುಲದ ರೈತನಿಗೆ ಹದಿನಾಲ್ಕು ಅಡಿಯ ಕಾಡು. ಒಂದೋ ಕತ್ತರಿಯಿಂದ ಅರ್ಧ ಅಂಗುಲಕ್ಕೆ ಕತ್ತರಿಸಬೇಕು, ಇಲ್ಲವೇ ಅದನ್ನು ಕಬ್ಬಿನಗದ್ದೆ ಎಂದು ಕರೆದು ಬಂದವರ ಬಾಯಿ ಮುಚ್ಚಿಸಬೇಕು.

ಅಳತೆ ಸರಿಹೋದ ಮೇಲೆ ನೆಲದ ಸರದಿ. ವರ್ತೂರು ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಮಕ್ಕಳೆಲ್ಲ ಸೇರಿ ಮಾಡಿದ ಪಾರ್ಕನ್ನು ನೋಡಲು ಹೋಗಿದ್ದೆ. ಊರು, ಗುಡಿ, ಗದ್ದೆ, ನಡುವೆ ದುಂಡನೆಯ ಕೆರೆ, ಕೆರೆಯ ಸುತ್ತ ಬಳೆಯಂತೆ ಮಣ್ಣಿನ ದಿಂಡು. ಬಲು ಅಚ್ಚುಕಟ್ಟಾದ ಕೆಲಸ. ಗಿಡಗಳಿಗೆ ನೀರು ಹಾಕುವ, ಅಲ್ಲಿಯೇ ಹತ್ತಿರದ ಹಳ್ಳಿಯ ಹಿರಿಯರೊಬ್ಬರು ಬಗ್ಗಿ ನೋಡಿದರು.

"ಎಲ್ಲಾ ಚೆನ್ನಾಗೈತೆ ಕಣ್ ಮಕ್ಳಾ. ತೂಬೆಲ್ಲಿ?"

"ತೂಬು ಅಂದ್ರೆ ಏನು ತಾತಾ?"

"ಹೋಗ್ಲಿ, ಈ ಕೆರೆಗೆ ನೀರು ಎಲ್ಲಿಂದ ಬತ್ತದೆ? ಸುತ್ತಾ ಏರಿ ಹಾಕಿದ್ದೀರಲ್ಲ!"

ತಾತ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ನಮ್ಮ ಸೀಮೆಯ ಕೆರೆ ತಟ್ಟೆಯಂತೆ ಇರುವುದಿಲ್ಲ. ಇಳಿಜಾರಿನ ನೆಲದಲ್ಲಿ ಹರಿದು ಬರುವ ನೀರಿಗೆ ಅಡ್ಡಲಾಗಿ ಕೆಳಬದಿಯಲ್ಲಿ ಮಾತ್ರ ಒಂದು ಏರಿ ಕಟ್ಟಿರುತ್ತಾರೆ. ಮೇಲುಬದಿಯಲ್ಲಿ ದಡವೆಂಬುದೇ ಇಲ್ಲ, ನೆಲ ನಿಧಾನವಾಗಿ ಏರುತ್ತ ಹೋಗುತ್ತದೆ. ಮಳೆ ಹೆಚ್ಚಾದರೆ ನೀರು ಹಿಂದಕ್ಕೆ ಹರಡುತ್ತದೆ, ಬೇಸಿಗೆಯಲ್ಲಿ ಏರಿಯತ್ತ ಸರಿದುಕೊಳ್ಳುತ್ತದೆ. ಏರಿಯ ನಡುವೆ ತೂಬು. ನೀರಿನಲ್ಲಿ ನಿಂತ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡಪಟ್ಟಿ, ಕೆಳಗಿನ ಕಂಡಿಗೆ ಬೆಣೆ. ಊರಿನ ನೀರುಗಂಟಿ ಆ ಬೆಣೆಯನ್ನು ಎತ್ತಿದರೆ ನೀರು ಏರಿಯ ಅಡಿಯಿಂದ ಹಾಯ್ದು ಕೆಳಗಿನ ಅಚ್ಚುಕಟ್ಟಿನ ಗದ್ದೆಗಳಿಗೆ ಹೋಗುತ್ತದೆ. ಏರಿಯ ಒಂದು ಕೊನೆಯಲ್ಲಿ, ಏರಿಗಿಂತ ತಗ್ಗಾಗಿ, ಕಲ್ಲು ಹಾಸಿದ ಕೋಡಿ. ಕೆರೆ ತುಂಬಿ ಮಿಕ್ಕಿದ ನೀರು ಅಲ್ಲಿಂದ ಹೊರಬಿದ್ದು ಕಾಲುವೆ ಹಿಡಿದು ಮುಂದಿನ ಕೆರೆಗೆ ಸೇರಬೇಕು. ಕೋಡಿ ಇಲ್ಲದಿದ್ದರೆ ನೀರು ಏರಿಯನ್ನೇ ಒಡೆದುಕೊಂಡು ಹೋಗುತ್ತದೆ. ಈಚೆಗೆ ನಗರದ ಕೆರೆಗಳನ್ನು ಅಂದಗೊಳಿಸುವಾಗ ಸುತ್ತಲೂ ದಿಂಡು ಎತ್ತಿ ಅದರ ಮೇಲೆ ನಡೆದಾಡುವ ಹಾದಿ ಮಾಡುತ್ತಿರುವುದನ್ನು ಪರಿಸರದವರು 'ಸೂಪಿನ ಬಟ್ಟಲು' ಎಂದು ಹಂಗಿಸುತ್ತಾರೆ. ಮಕ್ಕಳ ಪಾರ್ಕಿನಲ್ಲಿದ್ದದ್ದು ಅದೇ ಬಟ್ಟಲು. ಅವರು ಕಂಡ ಕೆರೆ ಅಂಥದ್ದು, ಕಂಡದ್ದನ್ನು ಕಟ್ಟಿದ್ದಾರೆ.

ವಿನೋದವೆಂದರೆ ಆ ಮಕ್ಕಳ ತಂದೆ ತಾಯಂದಿರು ಕೋಡಿ ಎಂಬ ಮಾತನ್ನು ದಿನಾ ಆಡುತ್ತಾರೆ. ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ ವಾಹನ ದಟ್ಟಣೆಗೆ ಹೆಸರಾದ 'ವರ್ತೂರು ಕೋಡಿ' ಅವರ ಪಾಲಿಗೆ ಒಂದು ಬಸ್‌ಸ್ಟಾಪು, ಒಂದು ಸಿಗ್ನಲ್ಲು. ಅದು ವರ್ತೂರು ಕೆರೆಯ ಕೋಡಿ ಎಂದು ಬಿಡಿಸಿ ಹೇಳಿದರೆ ಬೆರಗಾಗುತ್ತಾರೆ. ಎಲೆಕ್ಟ್ರಾನಿಕ್ ಸಿಟಿ ಹಾದಿಯ ಸಿಂಗಸಂದ್ರದ 'ಸಂದ್ರ' ಎಂಬುದು 'ಸಮುದ್ರ'ದಿಂದ, ಅಂದರೆ ದೊಡ್ಡ ಕೆರೆಯಿಂದ ಬಂದದ್ದೆಂದು ಹೇಳುವುದುಂಟು. ಕೋಡಿಹಳ್ಳಿ, ಕೋಡಿಚಿಕ್ಕನಹಳ್ಳಿ ಎಂಬ ಹೆಸರುಗಳಂತೂ ಬಾಯಿಬಿಟ್ಟೇ ಹೇಳುತ್ತವೆ.

ಬೆಂಗಳೂರು ಇರುವುದು ಒಂದು ಎತ್ತರದ ದಿಣ್ಣೆಯ ಮೇಲೆ. ಪಶ್ಚಿಮದಲ್ಲಿ ಪೀಣ್ಯದ ಕಡೆಯ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಇಳಿಯುತ್ತದೆ. ಪೂರ್ವದ ಕೋರಮಂಗಲ, ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅದರ ಕೋಡಿಯಿಂದ ದಕ್ಷಿಣ ಪಿನಾಕಿನಿಗೆ ಹೋಗಿ ತಮಿಳುನಾಡನ್ನು ಸೇರುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಟ್ಟಿಕೊಂಡರೆ ಮೇಲಿನದೂ ಕೆಳಗಿನದೂ ಕೆಡುತ್ತವೆ. 2015ರಲ್ಲಿ ವರ್ತೂರು ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿದ್ದು, ಬೆಳ್ಳಂದೂರು ಕೆರೆಗೆ 2015, 2017, 2018ರಲ್ಲಿ ಬೆಂಕಿ ಬಿದ್ದದ್ದು ದೇಶದಾದ್ಯಂತ ಸುದ್ದಿಯಾಯಿತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮತ್ತು ಸರ್ಜಾಪುರ ರಸ್ತೆಯ ಬಡಾವಣೆಗಳಿಗೆ ನೀರು ನುಗ್ಗಿ ಐಟಿ ಉದ್ಯೋಗಿಗಳು ಟ್ರ್ಯಾಕ್ಟರಿನಲ್ಲಿ ಕಚೇರಿಗೆ ಹೋಗಬೇಕಾಯಿತು. 'ಕಾಲುವೆ ಇತ್ತೆಂದು ಯಾರಿಗೆ ಗೊತ್ತಿತ್ತು?' ಎಂಬುದು ಆಗ ಅಲ್ಲಿ ಮನೆ ಕೊಂಡವರ ಕೊರಗಾಗಿತ್ತು.

ಗೊತ್ತಾಗದಿರುವುದಕ್ಕೆ ನೆಲದ ಸ್ವಭಾವವೂ ಸ್ವಲ್ಪ ಕಾರಣ. ಅದು ಮಾದರಿ ಮಾಡಲು ಕೂತಾಗ ಚೆನ್ನಾಗಿ ಅರ್ಥವಾಗುತ್ತದೆ. ಎರಡೂ ಕೆರೆಗಳು ಸೇರುವಂತೆ ಹತ್ತು ಕಿಲೋಮೀಟರ್ ಉದ್ದದ ನೆಲವನ್ನು ಎರಡು ಮೀಟರ್ ಉದ್ದದ ಮೇಜಿನ ಮೇಲೆ ತರುತ್ತೇವೆ ಎನ್ನೋಣ. ಅಂದರೆ ಐದು ಸಾವಿರಕ್ಕೆ ಒಂದು. ಆ ಉದ್ದಕ್ಕೂ ನೆಲ ಇಪ್ಪತ್ತು ಮೀಟರ್ ಇಳಿಯುತ್ತದೆಂದು ಇಟ್ಟುಕೊಂಡರೆ ಮೇಜಿನ ಮೇಲೆ ಆ ಇಳಿಜಾರು ಎಷ್ಟು? ಬರೀ ನಾಲ್ಕು ಮಿಲಿಮೀಟರ್. ಹನ್ನೆರಡು ಅಂತಸ್ತಿನ, ನಲವತ್ತು ಮೀಟರ್ ಎತ್ತರದ ಕಟ್ಟಡ ಎಂಟು ಮಿಲಿಮೀಟರ್, ಅಂದರೆ ಇಡೀ ಕಣಿವೆಯ ಇಳಿಜಾರಿಗಿಂತ ಇಮ್ಮಡಿ ಎತ್ತರ! ಮನುಷ್ಯನೋ, ಮಿಲಿಮೀಟರಿನ ಮೂರನೇ ಒಂದು ಭಾಗ, ಸಾಸಿವೆಗಿಂತಲೂ ಸಣ್ಣವ. ಕಣ್ಣಿಗೆ ಕಟ್ಟಡ ಕಾಣುತ್ತದೆ, ಇಳಿಜಾರು ಕಾಣುವುದಿಲ್ಲ. ಆದರೆ ನೀರಿಗೆ ಇಳಿಜಾರು ಮಾತ್ರ ಕಾಣುತ್ತದೆ. ಈ ಕಾರಣಕ್ಕೇ ದೊಡ್ಡ ನೆಲದ ಮಾದರಿ ಮಾಡುವವರು ಎತ್ತರವನ್ನು ಮಾತ್ರ ಐದು ಪಟ್ಟು, ಹತ್ತು ಪಟ್ಟು ಹಿಗ್ಗಿಸುತ್ತಾರೆ. ಇದು ಸುಳ್ಳಲ್ಲವೇ ಎಂದು ಕೇಳಬಹುದು. ಹೌದು, ಆದರೆ ಈ ಸುಳ್ಳು ಇಲ್ಲದೆ ನೀರಿನ ನಿಜವನ್ನು ತೋರಿಸಲು ಬೇರೆ ದಾರಿಯಿಲ್ಲ.

ಹೊರವಲಯದಲ್ಲಿ ಇಂದು ಅತಿ ಹೆಚ್ಚು ಕಾಣಸಿಗುವ ಡಯೊರಾಮ ಗೊಂಬೆ ಹಬ್ಬದ್ದಲ್ಲ, ಮನೆ ಮಾರುವ ಕಚೇರಿಗಳದು. ಒಳಗೆ ಕಾಲಿಟ್ಟೊಡನೆ ಗಾಜಿನ ಪೆಟ್ಟಿಗೆಯಲ್ಲಿ ಪುಟ್ಟ ಪುಟ್ಟ ಗೋಪುರಗಳು, ದೀಪ ಹತ್ತುವ ಕಿಟಕಿಗಳು, ನೀಲಿ ಈಜುಕೊಳ, ಹತ್ತಿಯಂಥ ಮರಗಳು. ಕೆಲಸಗಾರಿಕೆಯನ್ನು ಮೆಚ್ಚಲೇಬೇಕು. ಆದರೆ ಗಮನಿಸಿ, ನೆಲ ಗಾಜಿನ ಹಲಗೆಯಷ್ಟು ಸಮತಟ್ಟು. ಕಾಂಪೌಂಡ್ ಗೋಡೆಗೆ ಲೋಕ ಮುಗಿದುಹೋಗುತ್ತದೆ. ಗೋಡೆಯ ಆಚೆ ಕಾಲುವೆ ಇದೆಯೇ, ಪಕ್ಕದ ನೆಲ ಎತ್ತರವೇ ತಗ್ಗೇ, ಮಳೆ ಬಂದರೆ ಈ ಹಸಿರು ಹಾಸಿನ ನೀರು ಎತ್ತ ಹೋಗಬೇಕು ಎಂಬುದು ಅಲ್ಲಿಲ್ಲ. ಜೀವಮಾನದ ಉಳಿತಾಯ ಹಾಕುವವರು ನೋಡುವ ಮಾದರಿ ಇದು.

ಇನ್ನು ಕಟ್ಟುವ ಕ್ರಮ. ಮೊದಲ ಸಲ ಮಾಡುವವರು ಇಡೀ ಊರನ್ನು ಹಿಡಿಯಹೋಗದೆ ಒಂದು ಕೆರೆಯ ಮೂಲೆಯನ್ನು ಆರಿಸಿಕೊಳ್ಳುವುದು ಜಾಣತನ. ಏರಿಯ ಒಂದು ಕೊನೆ, ತೂಬು, ಕೋಡಿ, ಕೆಳಗೆ ನಾಲ್ಕು ಗದ್ದೆ, ಅಷ್ಟು ಸಾಕು. ನಾಲ್ಕು ಅಡಿಗೆ ಎರಡೂವರೆ ಅಡಿಯ ಪ್ಲೈವುಡ್ ಹಲಗೆ ಇರಲಿ. ನೆಲದ ಮೇಲಲ್ಲ, ಮೇಜಿನ ಮೇಲಿಡಿ. ನಿಂತು ಮೇಲಿನಿಂದ ನೋಡಿದರೆ ಎಂಥ ಪಾರ್ಕೂ ನಕಾಶೆಯಂತೆ ಕಾಣುತ್ತದೆ, ಕಣ್ಣಿನ ಮಟ್ಟಕ್ಕೆ ಬಂದರೆ ಊರಾಗುತ್ತದೆ. ಹಿಂದಿನ ಆಕಾಶದ ಹಾಳೆಯನ್ನು ಮೂಲೆ ಬರದಂತೆ ಬಾಗಿಸಿ ನಿಲ್ಲಿಸಬೇಕು. ಮೂಲೆ ಕಂಡರೆ ಅದು ಆಕಾಶವಲ್ಲ, ಗೋಡೆ ಎಂದು ಕಣ್ಣು ಕೂಡಲೇ ಹೇಳಿಬಿಡುತ್ತದೆ. ವಸ್ತುಸಂಗ್ರಹಾಲಯದವರು ಹಿನ್ನೆಲೆಯನ್ನು ಕಮಾನಿನಂತೆ ಬಾಗಿಸುವುದು ಇದಕ್ಕೇ.

ನೆಲಕ್ಕೆ ಟಿವಿ, ಫ್ರಿಜ್ಜು ಬಂದ ಪೆಟ್ಟಿಗೆಯ ಥರ್ಮೊಕೋಲ್ ಸಾಕು. ಪೀಣ್ಯದಂಥ ಕಡೆ ಇದ್ದವರಿಗೆ ಪ್ಯಾಕಿಂಗ್ ತುಂಡುಗಳಿಗೆ ಬರವಿಲ್ಲ. ಹಲಗೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಇಳಿಜಾರು ಬರುವಂತೆ ತುಂಡುಗಳನ್ನು ಮೆಟ್ಟಿಲಾಗಿ ಅಂಟಿಸಿ, ಅಂಚುಗಳನ್ನು ಚಾಕುವಿನಿಂದ ಸವರಬೇಕು. ಅದರ ಮೇಲೆ ಹಳೆಯ ಪತ್ರಿಕೆಯ ಚೂರುಗಳನ್ನು ಅಂಟಿನಲ್ಲಿ ಅದ್ದಿ ಎರಡು ಮೂರು ಪದರ ಹೊದಿಸಬೇಕು. (ನಮ್ಮ ಪತ್ರಿಕೆಗೆ ಇದಕ್ಕಿಂತ ಗಟ್ಟಿಯಾದ ಬಳಕೆ ಸಿಗದು.) ಒಣಗಿದ ಮೇಲೆ ತೆಳುವಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಗೆ ನೀರಲ್ಲ, ಸ್ವಲ್ಪ ಸ್ವಲ್ಪವೇ ಕಲಸಬೇಕು, ಹತ್ತು ಹದಿನೈದು ನಿಮಿಷದಲ್ಲಿ ಕಲ್ಲಾಗಿಬಿಡುತ್ತದೆ. ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ: ಸ್ಪ್ರೇ ಡಬ್ಬಿಯ ಬಣ್ಣವೋ ಎನಾಮೆಲ್ಲೋ ಥರ್ಮೊಕೋಲಿಗೆ ತಾಗಿದರೆ ಅದು ಕಣ್ಣೆದುರೇ ಕರಗಿಹೋಗುತ್ತದೆ. ನೀರಿನಲ್ಲಿ ಕಲಸುವ ಬಣ್ಣವೇ ಆಗಬೇಕು.

ಬಣ್ಣ ಬಳಿಯುವ ಮುನ್ನ ಒಂದು ಪರೀಕ್ಷೆ ಮಾಡಬಹುದು. ಹಲಗೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಅಂಟುವಂತೆ ಹೊದಿಸಿ, ಮೇಲುತುದಿಯಲ್ಲಿ ಅರ್ಧ ಲೋಟ ನೀರು ಸುರಿದು ನೋಡಿ. ಕಾಲುವೆ ಹಿಡಿದು ಕೆರೆಗೆ ಬಂದರೆ ನೆಲ ಸರಿಯಿದೆ. ಗುಡಿಯ ಮುಂದೆಯೋ ಊರಿನ ನಡುವೆಯೋ ನಿಂತರೆ ಅಲ್ಲಿ ಕೆತ್ತಬೇಕು, ಇಲ್ಲವೇ ಊರನ್ನು ಎತ್ತರಕ್ಕೆ ಸರಿಸಬೇಕು. ಮಕ್ಕಳಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಇಷ್ಟವಾಗುವ ಭಾಗ ಇನ್ನೊಂದಿಲ್ಲ. ಮೇಜಿನ ಮೇಲೆ ಊರನ್ನು ಸರಿಸಲು ಐದು ನಿಮಿಷ ಸಾಕು.

ಮಣ್ಣಿಗೆ ಮಣ್ಣೇ ಚೆಂದ. ಬಯಲಿನ ಕೆಮ್ಮಣ್ಣನ್ನು ಬಿಸಿಲಿಗೆ ಒಣಗಿಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ಅಂಟು ಬಳಿದ ನೆಲದ ಮೇಲೆ ಉದುರಿಸಿದರೆ ಯಾವ ಬಣ್ಣವೂ ಕೊಡದ ನಿಜ ಬರುತ್ತದೆ. ಕೆರೆಯ ಅಂಗಳಕ್ಕೆ ಮಾತ್ರ ಕಪ್ಪು ಗೋಡುಮಣ್ಣು. ರೈತರು ಬೇಸಿಗೆಯಲ್ಲಿ ಗಾಡಿಗಟ್ಟಲೆ ಹೊಡೆದು ಹೊಲಕ್ಕೆ ಹಾಕುತ್ತಿದ್ದ ಮಣ್ಣು ಅದು. ಹುಲ್ಲಿಗೆ ಹಸಿರು ಬಣ್ಣದಲ್ಲಿ ನೆನೆಸಿ ಒಣಗಿಸಿದ ಮರದ ಹೊಟ್ಟು, ಮರಕ್ಕೆ ಒಣಗಿದ ತುಳಸಿಕಡ್ಡಿ. ತುಳಸಿಯ ಕವಲುಗಳು ಸಣ್ಣದರಲ್ಲಿ ದೊಡ್ಡ ಮರದಂತೆಯೇ ಒಡೆದಿರುತ್ತವೆ. ಏರಿಯ ನೀರಿನ ಬದಿಗೆ ಸಣ್ಣ ಜಲ್ಲಿಚೂರುಗಳನ್ನು ಕಲ್ಲುಹಾಸಿನಂತೆ ಒತ್ತಬೇಕು.

ನೀರಿಗೆ ಕನ್ನಡಿ ಹಳೆಯ ಪದ್ಧತಿ. ಅದರ ತೊಂದರೆಯೆಂದರೆ ಆಕಾಶದ ಬದಲು ಮನೆಯ ಸೀಲಿಂಗ್ ಫ್ಯಾನು ಕೆರೆಯಲ್ಲಿ ತಿರುಗುತ್ತದೆ. ಕೆರೆಯ ತಳಕ್ಕೆ ಹಸಿರುಗಂದು ಬಣ್ಣ ಬಳಿದು, ಏರಿಯ ಹತ್ತಿರ ಗಾಢವಾಗಿ, ಮೇಲುಬದಿಯಲ್ಲಿ ಮಣ್ಣಿನ ಬಣ್ಣಕ್ಕೆ ಕರಗುವಂತೆ ತೆಳುವಾಗಿಸಿ, ಅದರ ಮೇಲೆ ನೀರಿನಲ್ಲಿ ಕರಗುವ ವಾರ್ನಿಷ್ಷನ್ನು ಮೂರು ನಾಲ್ಕು ಸಲ ಎಳೆದರೆ ಹೊಳಪೂ ಬರುತ್ತದೆ, ಆಳವೂ ಕಾಣುತ್ತದೆ. ನಮ್ಮ ಕೆರೆಗಳ ನೀರು ನೀಲಿಯಲ್ಲ.

ತೂಬಿಗೆ ಎರಡು ಬೆಂಕಿಕಡ್ಡಿ ಮತ್ತು ಒಂದು ಅಡ್ಡಚೂರು ಸಾಕು. ಬೂದುಬಣ್ಣ ಬಳಿದು ಏರಿಗೆ ತುಸು ದೂರದಲ್ಲಿ ನೀರಿನಲ್ಲಿ ನಿಲ್ಲಿಸಿ. ಕೋಡಿಯ ಎತ್ತರವನ್ನು ಏರಿಗಿಂತ ಅರ್ಧ ಅಂಗುಲವಾದರೂ ತಗ್ಗಿಸಿ, ಅಲ್ಲಿಂದ ಹೊರಟ ಕಾಲುವೆಯನ್ನು ಹಲಗೆಯ ಅಂಚಿನವರೆಗೂ ಎಳೆದು ಬಿಡಿ, ನಡುವೆ ನಿಲ್ಲಿಸಬೇಡಿ. ಮುಂದಿನ ಕೆರೆ ಹಲಗೆಯ ಆಚೆಗಿದೆ ಎಂದು ನೋಡುವವರಿಗೆ ತಿಳಿಯುವುದು ಹಾಗೆ.

ರಾಗಿಯನ್ನು ರಾತ್ರಿ ನೆನೆಸಿ, ಬೇರೆ ತಟ್ಟೆಯಲ್ಲಿ ತೆಂಗಿನನಾರಿನ ಪುಡಿಯ ಮೇಲೆ ಚೆಲ್ಲಿ, ಹಬ್ಬಕ್ಕೆ ನಾಲ್ಕೈದು ದಿನ ಮುಂಚೆ ಮೊಳಕೆಗೆ ಇಡಬೇಕು. ಆ ತಟ್ಟೆಗಳನ್ನು ಏರಿಯ ಕೆಳಗೆ ಗದ್ದೆಯ ಜಾಗದಲ್ಲಿ ಹಾಗೇ ಕೂರಿಸಿದರೆ ನೀರು ಹಾಕುವಾಗ ಪ್ಲಾಸ್ಟರ್ ಕೆಡುವುದಿಲ್ಲ. ವಿಜಯದಶಮಿಯ ರಾತ್ರಿ ಗೊಂಬೆಯನ್ನು ಮಲಗಿಸಿ ಮಾರನೆಯ ದಿನ ಎಲ್ಲವನ್ನೂ ಕಟ್ಟಿಡುವಾಗ ಪೈರನ್ನು ಹಸುವಿಗೆ ಹಾಕಬಹುದು. ಹಲಗೆಯನ್ನು ಮಾತ್ರ ಒಡೆಯಬೇಡಿ. ಬಟ್ಟೆ ಹೊದಿಸಿ ಮಂಚದ ಕೆಳಗೆ ತಳ್ಳಿದರೆ, ಬರುವ ವರ್ಷ ಇನ್ನೊಂದು ಹಲಗೆಯ ಮೇಲೆ ಮುಂದಿನ ಕೆರೆಯನ್ನು ಕಟ್ಟಿ ಈ ಕಾಲುವೆಗೆ ಸೇರಿಸಬಹುದು.